ಎಮ್ಮೆಯ ಕಿಂಡಿಯಿಂದ ಕಾರಿನ ಕಿಟಕಿಗೆ

ಗೋಡೆಗೆ ಉಳಿ ಹಚ್ಚಿಸಿದಾಗಲೆಲ್ಲ ನನ್ನ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಬೇರೆಯವರು ಕಿಟಕಿ ಕೂಡಿಸಿದರೆ ಗಾಳಿ ಬರುತ್ತದೆ. ನಾನು ಕೂಡಿಸಲು ಹೋದಾಗ ಮೊದಲು ಬಂದವರು ಬೆಂಕಿ ಆರಿಸುವ ಸಾಹೇಬರು.

ಎಪ್ಪತ್ತರ ದಶಕದ ಮಾತಿದು. ಊರನ್ನು ಆಗ ಬಿಜಾಪುರ ಎನ್ನುತ್ತಿದ್ದೆವು. ಗೋಳಗುಮ್ಮಟದ ಹತ್ತಿರ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತ ಶುರು ಮಾಡಿದ ನಾನು ಒಂದು ಹಳೆಯ ಅಂಬಾಸಿಡರ್ ಕಾರು ಕೊಂಡು ಟಿಕೋಟಾ, ಬಬಲೇಶ್ವರದ ಕಡೆಗೆ ಬಾಡಿಗೆಗೆ ಬಿಟ್ಟೆ. ಅದಕ್ಕೂ ಮೊದಲು ನಮ್ಮ ಓಣಿಯಲ್ಲಿ ಕಾರಿದ್ದ ಹೆಂಗಸು ಇರಲಿಲ್ಲ. ಗಂಡಸೂ ಇರಲಿಲ್ಲ.

ಸಾಲೆಯ ಮೆಟ್ಟಿಲು ಹತ್ತಿದವಳಲ್ಲ ನಾನು. ಚಟ್ನಿ ಕಟ್ಟಲು ತಂದ ಹಳೆಯ ಪೇಪರು ನೋಡಿ ನೋಡಿ ಅಕ್ಷರ ಕೂಡಿಸಿಕೊಂಡೆ. ಹೀಗಾಗಿ ಲೋಕದ ಸುದ್ದಿಯೆಲ್ಲ ನನಗೆ ಅರ್ಧರ್ಧ ಗೊತ್ತು. ಉಳಿದರ್ಧ ಗಿರಾಕಿಯ ಕೈಯಲ್ಲಿ ಹೋಗಿರುತ್ತಿತ್ತು.

ಕಾರಿಗೂ ಕಾರಹುಣ್ಣಿಮೆ

ನಮ್ಮ ಅಡುಗೆಮನೆಗೆ ಅಂಟಿಕೊಂಡೇ ದನದ ಕೊಟ್ಟಿಗೆ ಇತ್ತು. ನಡುಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಎಮ್ಮೆ ಮೇವು ತಿಂದಿತೋ ಇಲ್ಲವೋ ನೋಡಲಿಕ್ಕೆ. ನಮ್ಮ ಕಡೆ ಇದು ಮನೆಮನೆಯ ಪದ್ಧತಿ. ದುಡಿಯುವ ಜೀವ ಕಣ್ಣ ಮುಂದೆ ಇರಬೇಕು.

ಎಮ್ಮೆ ಮಾರಿದೆ. ಕೊಟ್ಟಿಗೆಯೇ ಗ್ಯಾರೇಜಾಯಿತು. ಈಗ ದುಡಿಯುವ ಜೀವ ಕಾರು. ಅದೂ ನನ್ನ ಕಣ್ಣ ಮುಂದೆ ಇರಬೇಡವೇ? ಕಿಂಡಿಯಿಂದ ಬರೀ ಒಂದು ದೀಪ ಕಾಣುತ್ತಿತ್ತು. ಅದನ್ನು ಒಡೆದು ದೊಡ್ಡ ಕಿಟಕಿ ಮಾಡು ಎಂದು ಗೌಂಡಿಯನ್ನು ಕರೆಸಿದೆ.

"ಅವ್ವಾರ, ಕಾರು ಹಗ್ಗಾ ಹರಕೊಂಡು ಹೋಗೂದಿಲ್ಲರಿ," ಎಂದ ಗೌಂಡಿ.

"ನೀ ಕಿಡಕಿ ಕೂಡಸು. ಮಾತು ಕೂಡಸಬ್ಯಾಡ," ಎಂದೆ.

ಅದೇ ವಾರ ಕಾರಹುಣ್ಣಿಮೆ. ಊರಿನ ಎತ್ತುಗಳಿಗೆಲ್ಲ ಬಣ್ಣ, ಗೊಂಡೆ. ನನ್ನ ಕಾರು ಏನು ಪಾಪ ಮಾಡಿತ್ತು? ಎರಡೂ ಕನ್ನಡಿಗೆ ಕೆಂಪು ಗೊಂಡೆ ಕಟ್ಟಿದೆ, ಬಾನೆಟ್ಟಿಗೆ ಅರಿಸಿನ-ಕುಂಕುಮ ಹಚ್ಚಿದೆ. ನಮ್ಮ ಡ್ರೈವರ್ ಟಿಕೋಟಾದವನು, ವಯಸ್ಸಾದ ಮರ್ಯಾದಸ್ಥ. ನಾಚಿ ಗೋಡೆಗೆ ಆತುಕೊಂಡು ನಿಂತ.

"ಅಕ್ಕಾರ, ಹಿಂಗ ನಮ್ಮೂರಿಗೆ ಹ್ಯಾಂಗ ಹೋಗ್ಲಿ? ಸಂಜಿಕ ಅಲ್ಲಿ ಎತ್ತು ಪೈಪೋಟಿಗೆ ಓಡಿಸಿ, ಅಡ್ಡ ಕಟ್ಟಿದ ಕರಿ ಹರೀತಾರ. ಮಂದಿ ಈ ಕಾರನೂ ಓಟಕ್ಕ ಹಚ್ಚು ಅಂದ್ರ ಏನ ಮಾಡ್ಲಿ?"

"ಹಚ್ಚು," ಎಂದೆ. "ಗೆದ್ದು ಬಾ."

ಎಮ್ಮೆಯ ಹೊಟ್ಟೆ

ಬಾಡಿಗೆ ಕಾರನ್ನು ಮನೆಯೊಳಗೆ ನಿಲ್ಲಿಸಬೇಕಾದರೆ ಬೆಂಕಿ ಸಾಹೇಬರು ಬಂದು ನೋಡಿ ಸಹಿ ಹಾಕಬೇಕು ಎಂದು ನಗರಸಭೆಯವರು ಹೇಳಿದರು. ಸಹಿ ಇಲ್ಲದಿದ್ದರೆ ಕಾರು ಬೀದಿಯಲ್ಲಿ ನಿಲ್ಲಬೇಕು. ನನ್ನ ಕಾರು ಬೀದಿಯಲ್ಲಿ! ಕೇಳಿಯೇ ಮೈಯೆಲ್ಲ ಉರಿಯಿತು.

ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಖಾಕಿ ಬಟ್ಟೆ, ದಪ್ಪ ಮೀಸೆ. ಗೌಂಡಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದ ಚೌಕವನ್ನು ನೋಡಿದರು. ಈ ಕಡೆ ಬಗ್ಗಿ ನನ್ನ ಉರಿಯುವ ಒಲೆ ನೋಡಿದರು. ಆ ಕಡೆ ಬಗ್ಗಿ ಕಾರು ನೋಡಿದರು.

"ಅಕ್ಕಾರ, ಇತ್ತಾಗ ಒಲಿ, ಅತ್ತಾಗ ಪೆಟ್ರೋಲ್. ನಡುವ ಕಿಡಕಿ ಮಾಡ್ತೀರಿ?"

"ಹೌದ್ರಿ. ನೋಡಾಕ."

"ಬೆಂಕಿನೂ ಅಲ್ಲಿಂದನ ನೋಡತೈತ್ರಿ. ಮನಿಗೂ ಗ್ಯಾರೇಜಿಗೂ ನಡುವಿನ ಗೋಡ್ಯಾಗ ಒಂದ ತೂತೂ ಇರಬಾರದು. ಈ ಕಿಂಡಿನೂ ಮುಚ್ಚಸ್ರಿ."

"ಸಾಹೇಬರ, ಎಮ್ಮಿ ಇದ್ದಾಗಿಂದ ಐತ್ರಿ ಆ ಕಿಂಡಿ. ಒಂದ ದಿನಾ ಬೆಂಕಿ ಹತ್ತಿಲ್ಲ."

ಸಾಹೇಬರು ಮೀಸೆ ನೇವರಿಸಿಕೊಂಡರು. "ಎಮ್ಮಿ ಹೊಟ್ಟ್ಯಾಗ ಏನ ತುಂಬಸ್ತಿದ್ರಿ? ಪೆಟ್ರೋಲೇನು?"

ಗೌಂಡಿ ಆಚೆ ಮುಖ ಮಾಡಿ ಸುಣ್ಣ ಕಲಸತೊಡಗಿದ. ಅವನ ಹೆಗಲು ಕುಣಿಯುತ್ತಿದ್ದವು.

ಓದುವ ವೇಗ

ಬಾಯಿಮಾತಿಗೆ ಬಗ್ಗುವವಳು ನಾನಲ್ಲ. ಮರುದಿನ ಸಾಹೇಬರ ಕಚೇರಿಗೇ ಹೋದೆ.

"ನಿಯಮ ಎಲ್ಲಿ ಬರದೈತಿ ತೋರಸ್ರಿ. ಓದ್ತೀನಿ."

ಅವರು ಕನ್ನಡದಲ್ಲಿ ಟೈಪು ಮಾಡಿದ ಹಾಳೆಗಳ ಕಟ್ಟು ಮುಂದಿಟ್ಟರು, ನಾಲ್ಕು ಸಾಲು ನೋಡಿ ಎದ್ದು ಹೋಗುತ್ತಾಳೆ ಎಂದುಕೊಂಡು. ನಾನು ಸೆರಗು ಸಿಕ್ಕಿಸಿ ಕೂತೆ. ನನಗೆ ಮನಸ್ಸಿನಲ್ಲಿ ಓದಲು ಬರುವುದಿಲ್ಲ, ಬಾಯಿ ಬಿಟ್ಟೇ ಓದಬೇಕು, ಅದೂ ಬೆರಳಿಟ್ಟು, ಒಂದೊಂದೇ ಅಕ್ಷರ. ಒತ್ತಕ್ಷರ ಬಂದರೆ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ. ಅರ್ಥವಾಗದಿದ್ದಲ್ಲಿ, "ಇದೇನ್ರಿ ಸಾಹೇಬರ?" ಎಂದು ಕೇಳುವುದು. ಎದ್ದು ಹೋಗುವುದು ಅವರಿಗೆ ಮರ್ಯಾದೆಯಲ್ಲ, ಕೂತುಕೊಳ್ಳಲು ಆಗುವುದಿಲ್ಲ. ಚಹಾ ಬಂತು, ತಣ್ಣಗಾಯಿತು. ಊಟದ ಹೊತ್ತೂ ಸರಿದು ಹೋಯಿತು.

ಕೊನೆಗೂ ಸಿಕ್ಕಿತು! ಹೊರಗಿನ ಗೋಡೆಗೆ ಕಿಟಕಿ ಇಡಬಹುದು. ಚೌಕಟ್ಟು ಕಬ್ಬಿಣದ್ದಾಗಿರಬೇಕು, ಗಾಜಿನೊಳಗೆ ತಂತಿಯ ಜಾಳಿಗೆ ಇರಬೇಕು, ಎದುರಿಗೆ ಉರಿಯುವ ವಸ್ತು ಇರಬಾರದು. ಪೆಟ್ರೋಲಿನ ಆವಿ ಭಾರವಾದದ್ದು, ನೆಲದ ಮೇಲೆಯೇ ಕೂಡುತ್ತದೆ. ಆದ್ದರಿಂದ ಬೆಳಕಿಗೆ ಕಿಟಕಿ ಮೇಲಿದ್ದರೂ ಗಾಳಿಗೆ ಜಾಳಿಗೆ ಕೆಳಗೇ ಬೇಕು. ಒಂದು ಬಕೀಟು ಉಸುಕು ಯಾವಾಗಲೂ ತುಂಬಿರಬೇಕು.

"ನೋಡ್ರಿ, ಐತಿ!" ಎಂದೆ. "ಮುಂದಿನ ಹಾಳೀನೂ ಓದಲೇನ್ರಿ? ಬೆಂಕಿ ಹತ್ತಿದ್ರ ಏನ ಮಾಡಬೇಕು ಅಂತ ಬರದೈತಿ."

ಸಾಹೇಬರು ಹಣೆ ಒತ್ತಿಕೊಂಡರು. "ಬ್ಯಾಡ್ರಿ ಅಕ್ಕಾರ. ನೀವು ಓದಿ ಮುಗಸೂದರಾಗ ಬೆಂಕಿ ತಾನ ಆರತೈತಿ."

ಬಣವಿಯ ಪ್ರಯಾಣ

ಗ್ಯಾರೇಜಿನ ಹೊರಗೋಡೆ ಹಿತ್ತಲಿಗೆ ಮುಖ ಮಾಡಿತ್ತು. ಎದುರಿನ ಕಂಪೌಂಡ್ ಗೋಡೆಯಾಚೆ, ಗೋಡೆಗಿಂತ ಎತ್ತರಕ್ಕೆ, ನೆರೆಮನೆಯ ಮಾಮಾನ ಕಣಿಕಿ ಬಣವಿ. ಜೋಳದ ಒಣ ದಂಟು ಅಂದರೆ ಉರಿಯುವ ವಸ್ತುಗಳ ರಾಜ. ಅದು ಸರಿಯದೆ ನನ್ನ ಕಿಟಕಿ ಇಲ್ಲ.

ಮಾಮಾ ಬಬಲೇಶ್ವರದ ಕಡೆಯಿಂದ ಬಂದವನು, ಹಟದಲ್ಲಿ ನನಗೆ ಸರಿಸಾಟಿ. "ಏನ ಬೇ ತಂಗಿ, ನಿನ್ನ ಕಾರು ಉಸಿರಾಡಲಿ ಅಂತ ನನ್ನ ದನಾ ಉಪವಾಸ ಬೀಳಬೇಕೇನು?" ಎಂದ. ಆಮೇಲೆ ತುಸು ಯೋಚಿಸಿ, "ನನ್ನ ಮಗಳನ್ನ ಕಳ್ಳಕವಟಗಿಗೆ ಗಂಡನ ಮನಿಗೆ ಕಳಸೂದೈತಿ. ನಿನ್ನ ಕಾರಿನ್ಯಾಗ ಕಳಸ್ತಿ ಅಂದ್ರ ಸರಸ್ತೀನಿ."

ಒಪ್ಪಿದೆ. ಕಳ್ಳಕವಟಗಿಯವರು ನನ್ನ ಕಾರು ನೋಡಲಿ ಎನ್ನುವ ಆಸೆ ನನಗೂ ಇತ್ತು.

ಹೊರಡುವ ದಿನ ಹೊರಗೆ ಬಂದು ನೋಡಿದರೆ ಕಾರೇ ಕಾಣುತ್ತಿಲ್ಲ! ಬೀಗರ ಊರಲ್ಲಿ ಮೇವು ಕಡಿಮೆಯಂತೆ. ಬಣವಿಯ ದೊಡ್ಡ ಪಾಲನ್ನು ಮಾಮಾ ಕಾರಿನ ತಲೆಯ ಮೇಲೇ ಹೇರಿ ಹಗ್ಗ ಬಿಗಿದಿದ್ದ. ಒಳಗೆ ಮಗಳು, ನಾನು, ಒಂದು ಬುಟ್ಟಿ ಹೋಳಿಗೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಕಾರು ಹೊಡೆಯುತ್ತಿದ್ದ, ಮುಂದಿನ ಗಾಜಿನ ಮೇಲೆ ದಂಟು ಇಳಿಬಿದ್ದಿದ್ದವು.

ಟಿಕೋಟಾ ದಾರಿಯ ಚಹಾದಂಗಡಿಯ ಮುಂದೆ ಒಬ್ಬರು ಚಹಾ ಸುರಿದ ಬಸಿ ಹಿಡಿದು ನಿಂತಿದ್ದರು. ಖಾಕಿ ಬಟ್ಟೆ, ದಪ್ಪ ಮೀಸೆ. ನಮ್ಮನ್ನು ನೋಡಿ ಬಸಿ ಕೈಯಲ್ಲೇ ಉಳಿಯಿತು.

"ಅಕ್ಕಾರ!" ಎಂದು ಕೂಗಿದರು. "ಬಣವಿ ಕಾರಿನಿಂದ ದೂರ ಇಡ್ರಿ ಅಂದ್ರ, ಕಾರಿನ ಮ್ಯಾಲ ಇಟ್ಟೀರಲ್ರಿ!"

ಎರಡು ಗಿಳಿಗಳ ನಡುವೆ

ಅಂತೂ ಬಣವಿ ಹೋಯಿತು. ಕಿಂಡಿ ಮುಚ್ಚಿತು. ಹಿತ್ತಲ ಕಡೆಗೆ ಕಬ್ಬಿಣದ ಚೌಕಟ್ಟಿನ ಕಿಟಕಿ ಬಂತು, ಕೆಳಗೆ ಗಾಳಿಗೆ ಜಾಳಿಗೆ ಬಂತು, ಉಸುಕಿನ ಬಕೀಟೂ ಬಂತು. ಎಲ್ಲ ನಿಯಮದ ಪ್ರಕಾರ. ಆದರೆ ರೊಟ್ಟಿ ಬಡಿಯುತ್ತ ತಲೆ ಎತ್ತಿದರೆ ಬರೀ ಗೋಡೆ. ನನ್ನ ಕಾರು ನನಗೇ ಕಾಣುವುದಿಲ್ಲ. ಊಟ ರುಚಿಸಲಿಲ್ಲ.

ಗೋಳಗುಮ್ಮಟದ ಹತ್ತಿರ ಒಂದು ಕ್ಷೌರದಂಗಡಿ ಮುಚ್ಚುತ್ತಿತ್ತು. ಅವನ ಆಳೆತ್ತರದ ಕನ್ನಡಿ ತಂದೆ, ಎರಡು ಬದಿಗೂ ಹಸಿರು ಗಿಳಿ ಬರೆದದ್ದು. ಹಿತ್ತಲಿನ ಕಂಪೌಂಡ್ ಗೋಡೆಗೆ ತುಸು ಓರೆಯಾಗಿ ನಿಲ್ಲಿಸಿದೆ. ನನ್ನ ಅಡುಗೆಮನೆಗೂ ಹಿತ್ತಲಿಗೆ ಮೊದಲಿನಿಂದ ಒಂದು ಕಿಟಕಿ ಇತ್ತಲ್ಲ. ಒಲೆಯ ಮುಂದೆ ಕೂತು ಅದರಿಂದ ನೋಡಿದೆ. ಕನ್ನಡಿಯಲ್ಲಿ, ಎರಡು ಗಿಳಿಗಳ ನಡುವೆ, ಗ್ಯಾರೇಜಿನ ಕಿಟಕಿ. ಅದರೊಳಗೆ ನನ್ನ ಕಾರು! ಆ ಹೊತ್ತಿನಲ್ಲಿ ಗೋಳಗುಮ್ಮಟ ಕಟ್ಟಿಸಿದವನಿಗೂ ನನ್ನಷ್ಟು ಹೆಮ್ಮೆ ಇದ್ದಿರಲಿಕ್ಕಿಲ್ಲ.

ಕೊನೆಯ ತಪಾಸಣೆಗೆ ಸಾಹೇಬರು ಬಂದರು. ಕಾರಿನ ಗತಿ ಇವತ್ತೇ ತೀರ್ಮಾನ. ನಾನು ರೊಟ್ಟಿ ಹಂಚಿಗೆ ಹಾಕಿ, ಕಣ್ಣು ಕನ್ನಡಿಯಲ್ಲಿ ನೆಟ್ಟೆ. ಅವರು ಗಾಜು ತಟ್ಟಿ ನೋಡಿದರು. ಜಾಳಿಗೆಗೆ ಕೈ ಹಾಕಿ ನೋಡಿದರು. ಆಮೇಲೆ ಕಾರಿನೊಳಗೇ ಹೋಗಿ ಕೂತರು. ಇವರಿಗೇನು ಕಂಡಿತು? ಏನು ತಪ್ಪು ತೆಗೆಯುತ್ತಾರೆ? ನಾನು ಕಣ್ಣು ಕೀಳದೆ ನೋಡುತ್ತಲೇ ಇದ್ದೆ.

ಕನ್ನಡಿಯಲ್ಲಿ ನನಗೆ ಅವರು ಕಂಡರೆ ಅವರಿಗೆ ನಾನೂ ಕಾಣುತ್ತೇನೆ ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಅವರಿಗೆ ಕಂಡದ್ದು ನಾನು, ನನ್ನ ಸುತ್ತ ದಟ್ಟ ಹೊಗೆ.

"ಬೆಂಕಿ! ಬೆಂಕಿ!" ಎಂದು ಕಾರಿನಿಂದ ಜಿಗಿದರು. ಉಸುಕಿನ ಬಕೀಟು ಎತ್ತಿಕೊಂಡು ಹಿತ್ತಲು ಸುತ್ತಿ ಓಡಿ ಬಂದು, ನಾನು ಬಾಯಿ ತೆರೆಯುವ ಮೊದಲೇ ಅಷ್ಟೂ ಉಸುಕನ್ನು ನನ್ನ ಒಲೆಗೆ ಸುರಿದರು. ಒಲೆ ಆರಿತು. ಹೊಗೆ ಇಳಿಯಿತು. ಹಂಚಿನ ಮೇಲೆ ಉಸುಕಿನೊಳಗಿಂದ ಇದ್ದಿಲಿನಂಥ ಒಂದು ರೊಟ್ಟಿ ಇಣುಕುತ್ತಿತ್ತು.

ಹಿಂದೆ ಓಡಿ ಬಂದ ಡ್ರೈವರ್ ಬಗ್ಗಿ ನೋಡಿ, "ರೊಟ್ಟಿ ಒಂದ ಹೋತ್ರಿ. ಉಳದಾವೆಲ್ಲಾ ಪಾರಾದ್ವು," ಎಂದ.

ಸಾಹೇಬರು ಬೆವರು ಒರೆಸಿಕೊಂಡು, ಕನ್ನಡಿಯ ಕಡೆ ಬೆರಳು ತೋರಿಸಿದರು. "ಇರಲಿ ಅಕ್ಕಾರ. ಇದರಾಗ ಬೆಂಕಿ ಕಾಣತೈತಿ, ದಾಟೂದಿಲ್ಲ. ಕನ್ನಡಿ ಬ್ಯಾಡ ಅಂತ ಅನ್ನಾಕ ಬರೂದಿಲ್ಲ. ಸಹಿ ಹಾಕ್ತೀನಿ, ಆದ್ರ ಒಂದ ಷರತ್ತು. ರೊಟ್ಟಿ ಮಾಡುವಾಗ ನೀವು ಕಾರು ನೋಡಬಾರದು."

ನಾನು ಸೀರೆಯ ಮೇಲಿನ ಉಸುಕು ಝಾಡಿಸಿಕೊಂಡು ಎದ್ದು ನಿಂತೆ.

"ಆತ್ರಿ ಸಾಹೇಬರ. ಆ ಷರತ್ತು ನಿಯಮದಾಗ ಎಲ್ಲೈತಿ ತೋರಸ್ರಿ. ನಾಳಿ ನಿಮ್ಮ ಕಚೇರಿಗೆ ಬರ್ತೀನಿ. ಓದ್ತೀನಿ."

ಸಾಹೇಬರು ನಿಂತಲ್ಲೇ, ಷರತ್ತಿಲ್ಲದೆ, ಸಹಿ ಹಾಕಿದರು.