ಹೊಟ್ಟೆಗೆ ಕಟ್ಟಿಕೊಂಡ ಸವಣೂರ ಎಲೆ

ಚಕ್ರ ಪಂಕ್ಚರ್ ಆಗಬಹುದಿತ್ತು. ಚೈನು ತುಂಡಾಗಬಹುದಿತ್ತು. ದೇವಿಮನೆ ಘಟ್ಟದಲ್ಲಿ ನಾನು ಸೈಕಲ್ ಸಮೇತ ಕಣಿವೆಗೆ ಇಳಿಯಬಹುದಿತ್ತು. ಹುಲಿ ಬರಬಹುದಿತ್ತು. ಹುಲಿ ಬಾರದಿದ್ದರೆ ಮಲೇರಿಯಾ ಬರಬಹುದಿತ್ತು. ಎರಡೂ ತಪ್ಪಿದರೆ ಕುಮಟೆಯಲ್ಲಿ ಸಮುದ್ರವಂತೂ ಇದ್ದೇ ಇತ್ತು. ಅದು ಎಲ್ಲಿಗೂ ಹೋಗುವಂತಿರಲಿಲ್ಲ! ಹೊರಡುವ ಮುಂಚೆ ಇಷ್ಟನ್ನೂ ಹೆಂಡತಿಯ ಮುಂದೆ ಕ್ರಮವಾಗಿ ನಿವೇದಿಸಿದೆ.

"ಮುಗೀತೇನ್ರಿ? ರೊಟ್ಟಿ ಕಟ್ಟೇನಿ, ತಗೊಂಡು ನಡೀರಿ," ಎಂದಳು ನೀಲವ್ವ.

ಯುದ್ಧದ ಕಾಲ ಅದು. ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು, ಹಾನಗಲ್ಲಿನಿಂದ ಶಿರಸಿಯ ಕಡೆಗೆ ಹೊರಟರೆ ಏರು ಕಂಡಲ್ಲೆಲ್ಲ ಮೂರ್ಛೆ ಹೋಗುತ್ತಿತ್ತು. ಶ್ರಾವಣದ ಮಳೆಗೆ ಅದೂ ನಿಂತಿತು. ಅದೇ ಹೊತ್ತಿಗೆ ನಮ್ಮ ಓಣಿಯ ಗುರುಸಿದ್ದಪ್ಪನ ತಂಗಿಗೆ ಕುಮಟೆಯ ಸಂಬಂಧ ಕುದುರಿತ್ತು. ಗಂಡಿನ ಮನೆಯವರು ಮೂಲದಲ್ಲಿ ಸವಣೂರ ಕಡೆಯವರೇ. ಹತ್ತಿ ವ್ಯಾಪಾರಕ್ಕೆಂದು ಹೋಗಿ ಅಲ್ಲೇ ನೆಲೆಸಿದವರು. ಆ ಮನೆಯ ಅಜ್ಜಿಯ ಅಪ್ಪಣೆಯಾಗಿತ್ತು: ಸೋಮವಾರ ವೀಳ್ಯಶಾಸ್ತ್ರ ಆಗಬೇಕು, ಅದೂ ಸವಣೂರ ಎಲೆಯಲ್ಲೇ ಆಗಬೇಕು. ಇಲ್ಲವಾದರೆ ಬೇರೆ ಹೆಣ್ಣು ನೋಡುತ್ತೇವೆ! ಆ ಹುಡುಗಿಗೆ ಹಿಂದೆ ಎರಡು ಸಂಬಂಧ ಕೂಡಿಬಂದು ತಪ್ಪಿದ್ದವು. ತಂದೆಯಿಲ್ಲದ ಮನೆ. ಗುರುಸಿದ್ದಪ್ಪನ ಮುಖ ನೋಡಲಾಗುತ್ತಿರಲಿಲ್ಲ.

"ಬಸ್ ಇಲ್ಲಂದ್ರ ಏನಾತು, ಸೈಕಲ್ ಅದಾವಲ್ಲ?" ಎಂದವರು ದಸ್ತಗೀರಸಾಬರು. ಸವಣೂರಿನವರು, ಹಾನಗಲ್ಲಿನಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ವಯಸ್ಸು ಅರವತ್ತರ ಹತ್ತಿರ, ಕಾಲು ಇಪ್ಪತ್ತರವು. ತಮ್ಮೂರಿಗೆ ಹೋಗಿ ಎಲೆ ತಂದವರೂ ಅವರೇ. ಗಂಡಿನ ಮನೆಯಲ್ಲಿ ಮಾತಾಡಲು ಹಿರಿಯರೊಬ್ಬರು ಬೇಕೆಂದು ಗುರುಸಿದ್ದಪ್ಪನ ಜೊತೆಗೆ ನನ್ನನ್ನೂ ಹೊರಡಿಸಿದರು. ಶಾಲಾ ಮಾಸ್ತರನ ಕೋಟಿಗೆ ಆಗ ಅಂಥ ಬೆಲೆಯಿತ್ತು.

"ಎಲಿ ನನ್ನ ಕಡೆ ಇರ್ಲಿ," ಎಂದು ಆ ಗುರುತರ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಮಳೆಯ ಒಂದು ಹನಿಯೂ ತಾಗಬಾರದು! ಕಟ್ಟನ್ನು ಮೇಣಬಟ್ಟೆಯಲ್ಲಿ ಸುತ್ತಿದೆ. ಅದರ ಮೇಲೆ ಉಣ್ಣೆಯ ಮಫ್ಲರ್ ಸುತ್ತಿದೆ. ಎಲ್ಲವನ್ನೂ ಹೊಟ್ಟೆಗೆ ಬಿಗಿದು, ಮೇಲೆ ಕೋಟಿನ ಗುಂಡಿ ಹಾಕಿದೆ.

"ಏನ್ರಿ, ಎಲಿಗೆ ನೆಗಡಿ ಆಗತೈತೇನು?" ಎಂದು ನೀಲವ್ವ ಕೇಳಿದಳು.

ಹೆಂಗಸರಿಗೆ ಮುಂದಾಲೋಚನೆ ಕಡಿಮೆ ಎಂದುಕೊಂಡು ಸೈಕಲ್ ಏರಿದೆ.

ಶಿರಸಿಯವರೆಗೆ ಮಳೆ ನಮ್ಮನ್ನು ಬರೀ ಪರೀಕ್ಷಿಸಿತು. ಅಲ್ಲಿ ತಂಗಿ ಮರುದಿನ ಹೊರಟಾಗ, ಫಲಿತಾಂಶಕ್ಕೆ ಕಾಯದೆ ಹೊಡೆಯಲು ಶುರುಮಾಡಿತು. ಘಟ್ಟದಲ್ಲಿ ದೊಡ್ಡ ಮರವೊಂದು ದಾರಿಗೆ ಅಡ್ಡ ಬಿದ್ದಿತ್ತು.

"ಮುಗೀತು. ವಾಪಸ್ ಹೋಗೂಣು," ಎಂದೆ.

ದಸ್ತಗೀರಸಾಬರು ತಮ್ಮ ಸೈಕಲ್ ಹೆಗಲಿಗೇರಿಸಿ ಕೊಂಬೆಗಳ ನಡುವೆ ನುಸುಳಿ ಆಚೆ ಇಟ್ಟರು. ಮರಳಿ ಬಂದು ನನ್ನದನ್ನು ಹೊತ್ತರು. ಮತ್ತೆ ಮರಳಿ ಬಂದು ನನ್ನ ಕೈ ಹಿಡಿದರು. "ಹೊಟ್ಟಿ ಜ್ವಾಕಿ, ಮಾಸ್ತರ್ರ! ಬಸುರಿ ಹೆಣ್ಮಗಳು ನಡದಂಗ ನಡೀರಿ!"

ಇಳಿಜಾರಿನಲ್ಲಿ ಒದ್ದೆ ಬ್ರೇಕು ಹಿಡಿಯಲಿಲ್ಲ. ಗುರುಸಿದ್ದಪ್ಪ ಟೊಂಗೆ ಮುರಿದು ಮೂರೂ ಸೈಕಲ್ಲಿನ ಹಿಂದೆ ಕಟ್ಟಿದ. ಅವು ನೆಲಕ್ಕೆ ಉಜ್ಜುತ್ತ ನಮ್ಮನ್ನು ಹಿಂದಕ್ಕೆ ಜಗ್ಗಿ ಹಿಡಿದವು. ಘಟ್ಟದುದ್ದಕ್ಕೂ ರಸ್ತೆ ಗುಡಿಸುತ್ತ ಇಳಿದೆವು. ಬ್ರಿಟಿಷ್ ಸರಕಾರ ಕೂಡ ಆ ರಸ್ತೆಯನ್ನು ಅಷ್ಟು ಸ್ವಚ್ಛ ಮಾಡಿಸಿರಲಾರದು!

ಕೆಳಗೆ ಸಮುದ್ರದ ಗಾಳಿ ಎದುರಾಯಿತು. ನಾನು ತುಳಿದಷ್ಟೂ ಶಿರಸಿಯ ಕಡೆಗೇ ಸರಿಯುತ್ತಿದ್ದೆ. ಗುರುಸಿದ್ದಪ್ಪ ನನ್ನನ್ನು ದಾಟಿ ಮುಂದೆ ಬಂದ. "ನನ್ನ ಬೆನ್ನಿಗೇ ಬರ್ರಿ ಮಾಸ್ತರ್ರ, ಗಾಳಿ ನಾ ತಿಂತೇನಿ." ತಂಗಿಗಾಗಿ ಒಬ್ಬ ಮನುಷ್ಯ ಹಾಗೆ ಗಾಳಿಗೆ ಎದೆ ಕೊಟ್ಟದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಹಿಂದೆ ದಸ್ತಗೀರಸಾಬರು ತೊಯ್ದ ಗಡ್ಡದಲ್ಲಿ ಹಾಡಿಕೊಳ್ಳುತ್ತ ಬರುತ್ತಿದ್ದರು. ಅಂಥ ಇಬ್ಬರು ಗಟ್ಟಿಗರ ನಡುವೆ ನಾನು, ಬೆಚ್ಚಗೆ, ಎಲೆಯೊಡನೆ.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಕುಮಟೆ ಮುಟ್ಟಿದೆವು. ಒಬ್ಬರಿಗೂ ತರಚುಗಾಯ ಕೂಡ ಇಲ್ಲ! ಪಡಸಾಲೆಯ ತುಂಬ ಜನ. ನಡುವೆ ಅಜ್ಜಿ. ಎಲ್ಲರೂ ನೋಡುತ್ತಿರಲು ನಾನು ಗಂಭೀರವಾಗಿ ಕೋಟಿನ ಗುಂಡಿ ಬಿಚ್ಚಿದೆ. ಮಫ್ಲರ್ ಬಿಚ್ಚಿದೆ. ಮೇಣಬಟ್ಟೆ ಬಿಚ್ಚಿದೆ.

ಹಬೆ ಎದ್ದಿತು!

ಗಾಳಿಯಿಲ್ಲದೆ, ನನ್ನ ಹೊಟ್ಟೆಯ ಕಾವಿಗೆ ಎಲೆಗಳು ಬೆಂದು ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸೈಕಲ್ಲಿನ ಹಿಂದೆ ಮಳೆಯಲ್ಲಿ ತೊಯ್ಯಲು ಬಿಟ್ಟಿದ್ದರೆ ಈಗಷ್ಟೇ ಕೊಯ್ದಂತೆ ಇರುತ್ತಿದ್ದವು. ಗುರುಸಿದ್ದಪ್ಪ ಕಂಬ ಹಿಡಿದುಕೊಂಡ. "ಅಜ್ಜಿ..." ಎಂದ.

"ಸುಮ್ನ ಕುಂಡ್ರೋ," ಎಂದ ಅಜ್ಜಿ ಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡರು. ಒಂದೊಂದೇ ಎಲೆ ಬಿಡಿಸಿದರು. ಒಂದನ್ನು ಎಸೆದರು. ಇನ್ನೊಂದನ್ನು ಎಸೆದರು. ಎಸೆಯುತ್ತ ಎಸೆಯುತ್ತ, ಕಟ್ಟಿನ ಅಂಚಿನಲ್ಲಿ ಹಸಿರಾಗಿಯೇ ಉಳಿದ ಕೆಲವನ್ನು ಹೆಕ್ಕಿ ಪಕ್ಕಕ್ಕಿಟ್ಟರು.

"ಐದು ಸಿಕ್ಕಾವ. ಶಾಸ್ತ್ರಕ್ಕ ಐದು ಸಾಕು, ಉಳದದ್ದು ಬರೇ ಸೊಕ್ಕು! ತಂಗಿ ಸಲುವಾಗಿ ಇಂಥಾ ಮಳ್ಯಾಗ ಘಟ್ಟ ಇಳದು ಬಂದಿ. ಇಂಥಾ ಮನಿ ಹೆಣ್ಣು ನಾ ಬಿಡ್ತೇನೇನೋ? ಏ, ತಾಟು ತರ್ರಿ!"

ಗುರುಸಿದ್ದಪ್ಪ ಕಂಬಕ್ಕೆ ಹಣೆ ಹಚ್ಚಿ ಅತ್ತ. ನಾನು ಖಾಲಿಯಾದ ಮೇಣಬಟ್ಟೆಯನ್ನು ಬಹಳ ಅಚ್ಚುಕಟ್ಟಾಗಿ ಮಡಚತೊಡಗಿದೆ. ಆಗ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು.

"ಈ ಕೋಟಿನವ್ರು ಯಾರು?"

ದಸ್ತಗೀರಸಾಬರು ಅತ್ಯಂತ ವಿನಯದಿಂದ ಕೈಮುಗಿದರು.

"ಹಾನಗಲ್ಲ ಮಾಸ್ತರ್ರಿ ಅಜ್ಜಿ, ನಮ್ಮ ಕಡಿ ಹಿರೇರು. ಗಂಡಿನ ಮನಿಗೆ ಬರಿಗೈಲೆ ಬರಬಾರದಂತ ಪಲ್ಯ ಮಾಡ್ಕೊಂಡು ಬಂದಾರ."