ಟರ್ಬೊ ಕಾರಿನ ನಿಟ್ಟುಸಿರು

ಐವತ್ತು ದಾಟಿದ ಹೆಂಗಸಿಗೆ ಯಾವ ಯಾವ ಸದ್ದು ಇಷ್ಟವಾಗಬೇಕು ಎಂಬುದನ್ನು ಲೋಕ ಮೊದಲೇ ತೀರ್ಮಾನಿಸಿಟ್ಟಿರುತ್ತದೆ. ಭಜನೆಯ ತಾಳ ಇಷ್ಟವಾಗಬಹುದು, ಕುಕ್ಕರಿನ ಸೀಟಿ ಇಷ್ಟವಾಗಬಹುದು, ಮೊಮ್ಮಕ್ಕಳಿದ್ದರೆ ಅವುಗಳ ಅಳುವೂ ಇಷ್ಟವಾಗಲೇಬೇಕು. ನನಗೆ ಇಷ್ಟವಾದದ್ದು ಇವು ಯಾವುದೂ ಅಲ್ಲ. ಸಣ್ಣ ಟರ್ಬೊ ಕಾರಿನ ಆಕ್ಸಿಲರೇಟರನ್ನು ಚೆನ್ನಾಗಿ ಒತ್ತಿ ಫಕ್ಕನೆ ಕಾಲು ತೆಗೆದಾಗ ಬಾನೆಟ್ಟಿನೊಳಗಿಂದ ‘ಪ್ಶ್ಶ್’ ಎಂದು ಒಂದು ನಿಟ್ಟುಸಿರು ಬರುತ್ತದಲ್ಲ, ಅದು. ಇದನ್ನು ನಾಚಿಕೊಂಡು ಒಪ್ಪಿಕೊಳ್ಳುತ್ತಿದ್ದೇನೆ ಎಂದು ದಯವಿಟ್ಟು ಭಾವಿಸಬೇಡಿ. ನಾಚಬೇಕಾದ ಬೇರೆ ಸಂಗತಿಗಳು ನನ್ನ ಬಳಿ ಬೇಕಾದಷ್ಟಿವೆ. ಅವನ್ನೇ ಇನ್ನೂ ಶುರು ಮಾಡಿಲ್ಲ.

ನಾನು ಮಹಾಪೆಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪ್ರೆಶರ್ ಗೇಜು, ಸೇಫ್ಟಿ ವಾಲ್ವುಗಳನ್ನು ನೋಡಿಕೊಳ್ಳುವವಳು. ಮನೆ ಡೊಂಬಿವಿಲಿ ಪೂರ್ವದಲ್ಲಿ. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಥಾಣೆ, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಲೋಕಲ್, ಆಮೇಲೆ ಶೇರ್ ರಿಕ್ಷಾ. ಹೆಂಗಸರ ಡಬ್ಬಿಯಲ್ಲಿ ಅಷ್ಟು ವರ್ಷ ನಿಂತ ಮಂಡಿಗಳು ಎರಡು ಸಾವಿರದ ಹದಿನಾಲ್ಕರಲ್ಲಿ ಮುಷ್ಕರ ಹೂಡಿದವು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರು. ನಾನು ಸೆಕೆಂಡ್ ಹ್ಯಾಂಡ್ ಕಾರು ಹುಡುಕಿದೆ. ಹಾಗೆ ಹುಡುಕುವಾಗ ಸಿಕ್ಕಿದ್ದು ಟರ್ಬೊ ಇರುವ ಈ ಪುಟ್ಟ ಕೆಂಪು ಗಾಡಿ. ಡೊಂಬಿವಿಲಿ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರಾಗಿರುವ ನನ್ನ ಗಂಡ ಅದರ ಸುತ್ತ ಒಂದು ಸಲ ಬಂದು, ಏಸಿ ಉಂಟಾ ಎಂದು ಕೇಳಿದರು. ಉಂಟು ಎಂದೆ. ಅವರ ಮಟ್ಟಿಗೆ ಕಾರಿನ ಪರೀಕ್ಷೆ ಅಲ್ಲಿಗೆ ಮುಗಿಯಿತು. ತುಳುವಿನಲ್ಲಿ ಮಾತಾಡಿಸಿದರೆ ಹಿಂದಿಯಲ್ಲಿ ಉತ್ತರಿಸುವ ನಮ್ಮ ಮಗಳು ಮಾತ್ರ ಅದರ ಹೆಸರು ನೋಡಿ, ಇದು ಹುಡುಗರ ಶೋಕಿ ಮಮ್ಮಿ, ಎಂದಳು.

ಟರ್ಬೊ ಎಂದರೇನು ಎಂದು ಗಂಡನಿಗೆ ಹೇಳಿಕೊಡಲು ನಾನು ಹೋಟೆಲನ್ನೇ ಬಳಸಿಕೊಳ್ಳಬೇಕಾಯಿತು. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಬಲ ಹೆಚ್ಚು. ಆದರೆ ಅದಕ್ಕೊಂದು ಮಿತಿ ಬೇಕು. “ನೀವು ಗಲ್ಲೆಯಲ್ಲಿ ಕೂತು ಕೂಪನ್ ಹರೀತಾ ಹೋಗ್ತೀರಿ, ಒಳಗೆ ದೋಸೆಕಾವಲಿ ಇರುವುದು ಒಂದೇ. ಸಾಕು ಅಂತ ಯಾರಾದರೂ ಹೇಳಬೇಕಲ್ಲ?” ಎಂದೆ. ಅವರು ಯೋಚಿಸಿ, ತಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಸಾಕು ಅಂದದ್ದಿಲ್ಲ ಎಂದರು. ಟರ್ಬೊದಲ್ಲಿ ಸಾಕು ಅನ್ನುವುದಕ್ಕೆ ಒಂದು ಪುಟ್ಟ ಬಾಗಿಲಿದೆ. ಒತ್ತಡ ಮಿತಿ ಮುಟ್ಟಿದೊಡನೆ ಅದು ತೆರೆದು, ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಪಕ್ಕದಿಂದ ಹೊರಗೆ ಕಳಿಸುತ್ತದೆ. ಇನ್ನು ಓಡುವಾಗ ತಟ್ಟನೆ ಕಾಲು ತೆಗೆದರೆ, ಒತ್ತಿ ತುಂಬಿದ ಗಾಳಿ ಹೋಗಲು ದಾರಿಯಿಲ್ಲದೆ ಒಂದು ವಾಲ್ವಿನಿಂದ ಹೊರಬೀಳುತ್ತದೆ. ಕಂಪೆನಿಯವರು ಆ ಗಾಳಿಯನ್ನು ಸದ್ದಿಲ್ಲದೆ ಕೊಳವೆಯೊಳಕ್ಕೇ ತಿರುಗಿಸಿದ್ದರು. ನಾನು ಒಂದು ಭಾನುವಾರ ಕಾಂಪೌಂಡಿನಲ್ಲಿ ಬಾನೆಟ್ ತೆರೆದು, ಗಾಳಿಯನ್ನು ಬಯಲಿಗೆ ಬಿಡುವ ವಾಲ್ವನ್ನು ನನ್ನ ಕೈಯಾರೆ ಕೂರಿಸಿದೆ. ‘ಪ್ಶ್ಶ್’ ಹುಟ್ಟಿದ್ದು ಹಾಗೆ.

ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಪಾಟಣಕರ್ ಮೊದಲ ಮಹಡಿಯವರು, ನಿವೃತ್ತರು, ಬಹಳ ಒಳ್ಳೆಯವರು, ಅಂದರೆ ಎಲ್ಲರ ವಿಷಯಕ್ಕೂ ಬರುವವರು. ಸದ್ದು ಕೇಳಿದ ಮೊದಲ ದಿನ ಗ್ಯಾಸ್ ಸೋರುತ್ತಿದೆಯೆಂದು ಇಡೀ ವಿಂಗಿನ ಸಿಲಿಂಡರುಗಳನ್ನು ತಪಾಸಣೆ ಮಾಡಿಸಿದರು. ಕಾರಣ ನನ್ನ ಕಾರು ಎಂದು ತಿಳಿದ ಮೇಲೆ, “ವಹಿನಿ, ನಿಮ್ಮ ವಯಸ್ಸಿಗೆ ಇದು ಶೋಭಿಸುತ್ತದೆಯೇ?” ಎಂದು ಮರಾಠಿಯಲ್ಲಿ ಕೇಳಿದರು. ಸದ್ದಿನ ಬಗ್ಗೆ ಕೇಳಿದ್ದರೆ ನಾನು ಅಂದೇ ವಾಲ್ವು ಬಿಚ್ಚುತ್ತಿದ್ದೆನೋ ಏನೋ. ವಯಸ್ಸಿನ ಬಗ್ಗೆ ಕೇಳಿದರು. ಬಿಚ್ಚುವುದಿಲ್ಲ ಎಂದೆ. ವರ್ಷ ಕಳೆದು ನೋಟಿಸು ಬಂತು: ಹದಿನೈದು ದಿನಗಳಲ್ಲಿ ವಾಲ್ವು ತೆಗೆಯತಕ್ಕದ್ದು, ಇಲ್ಲವಾದರೆ ಪಾರ್ಕಿಂಗ್ ಜಾಗ ರದ್ದು. ನಮ್ಮ ರಸ್ತೆಯಲ್ಲಿ ಹೊರಗೆ ಕಾರು ನಿಲ್ಲಿಸುವುದು ಕನಸಿನ ಮಾತು. ಜಾಗ ಹೋದರೆ ಕಾರು ಹೋದಂತೆ, ಕಾರು ಹೋದರೆ ನನ್ನ ಮಂಡಿಗಳು ಮತ್ತೆ ಥಾಣೆಯ ಸೇತುವೆ ಹತ್ತಬೇಕು. ಬಿಚ್ಚಿ ಬಿಸಾಡು ಮಾರಾಯ್ತಿ, ಎಂದು ಮನೆಯಲ್ಲಿ ಇವರು ಮೂರು ದಿನ ಗೋಗರೆದರು.

ಆ ವಾರವೇ ಕಾರು ಕೈಕೊಟ್ಟಿತು. ಶಿಳ್‌ಫಾಟಾದಿಂದ ಮಹಾಪೆಗೆ ಗುಡ್ಡ ಹತ್ತುವಾಗ ಎಂದಿಗಿಂತ ಜೋರಾಗಿ ನುಗ್ಗುವುದು, ಮರುಕ್ಷಣ ಯಾರೋ ಹಿಂದಿನಿಂದ ಬಂಪರ್ ಹಿಡಿದು ಎಳೆದಂತೆ ಮುಗ್ಗರಿಸುವುದು. ಅದು ಹೇಗೋ ಪಾಟಣಕರರ ಕಿವಿಗೂ ಬಿತ್ತು. ವಾಲ್ವು ಹಾಕಿದ್ದಕ್ಕೇ ಹೀಗಾದದ್ದು ಎಂದು ಲಿಫ್ಟಿನಲ್ಲಿ ಹೇಳಿಕೊಂಡು ಓಡಾಡಿದರು. ಇವರಿಗೂ ಹಾಗೇ ಅನ್ನಿಸಿರಬೇಕು, ರಜೆ ಹಾಕಿ ನನ್ನನ್ನೂ ಕಾರನ್ನೂ ಕಲ್ಯಾಣದ ಒಂದು ಗ್ಯಾರೇಜಿಗೆ ಕರೆದುಕೊಂಡು ಹೋದರು.

ಗ್ಯಾರೇಜಿನವನು ಬಾನೆಟ್ ತೆರೆದು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಇವರ ಕಡೆ ತಿರುಗಿ, “ಭಾಯ್‌ಸಾಬ್, ಟರ್ಬೊ ಗಯಾ” ಎಂದ. ಪೂರ್ತಿ ಬದಲಿಸಬೇಕಂತೆ. ಮೇಡಮ್ಮಿಗೆ ಟರ್ಬೊ ಇಲ್ಲದ ಸಾದಾ ಗಾಡಿ ಕೊಡಿಸಿ ಎಂಬ ಸಲಹೆಯನ್ನೂ ಪುಕ್ಕಟೆಯಾಗಿ ಕೊಟ್ಟ. ಕೆಟ್ಟುಹೋದ ಟರ್ಬೊ ಗಾಳಿ ಕಡಿಮೆ ತುಂಬುತ್ತದಲ್ಲದೆ ಹೆಚ್ಚು ತುಂಬುವುದಿಲ್ಲವಲ್ಲ, ನನ್ನ ಕಾರು ನುಗ್ಗುತ್ತಿರುವುದೇಕೆ ಎಂದು ಕೇಳಿದೆ. ಅವನು ಉತ್ತರವನ್ನೂ ಇವರಿಗೇ ಹೇಳತೊಡಗಿದ. ಆಗ ಇವರು, ಮದುವೆಯಾದ ಲಾಗಾಯ್ತು ಗ್ರಾಹಕರೊಡನೆ ಒಂದು ಬಿರುಸು ಮಾತಾಡಿದ್ದನ್ನು ನಾನು ಕೇಳದ ಮನುಷ್ಯ, ತಮ್ಮ ಹರಕು ಹಿಂದಿಯಲ್ಲಿ ಹೇಳಿದರು: “ಗಾಡಿ ಇವಳದ್ದು. ಕೆಲಸ ಬಲ್ಲವಳೂ ಇವಳೇ. ನನಗೆ ಏಸಿ ಬಟನ್ ಮಾತ್ರ ಗೊತ್ತು. ಇವಳ ಹತ್ತಿರ ಮಾತಾಡಿ.”

ಗ್ಯಾರೇಜಿನವನು ಟಾರ್ಚ್ ಕೊಟ್ಟ. ನಾನು ಸೀರೆಯ ಸೆರಗು ಸಿಕ್ಕಿಸಿ ಬಗ್ಗಿದೆ. ಸಾಕು ಅನ್ನುವ ಆ ಪುಟ್ಟ ಬಾಗಿಲಿಗೆ ಒತ್ತಡದ ಸುದ್ದಿ ಮುಟ್ಟಿಸುವುದು ಕಿರುಬೆರಳಿನಷ್ಟು ದಪ್ಪದ ಒಂದು ರಬ್ಬರ್ ನಳಿಗೆ. ಅದು ಬಿಸಿಗೆ ಬೆಂದು ಬುಡದಲ್ಲಿ ಸೀಳಿತ್ತು. ಸುದ್ದಿ ಮುಟ್ಟದೆ ಬಾಗಿಲು ತೆರೆದಿರಲಿಲ್ಲ, ಒತ್ತಡ ಮಿತಿ ಮೀರಿತ್ತು, ಕಾರಿನ ಕಂಪ್ಯೂಟರು ಹೆದರಿ ಎಂಜಿನ್ನಿನ ಕತ್ತು ಹಿಡಿಯುತ್ತಿತ್ತು. ನನ್ನ ವಾಲ್ವಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಗೇಣುದ್ದದ ಹೊಸ ನಳಿಗೆ ಹಾಕಿ ಕ್ಲಿಪ್ ಬಿಗಿದೆ. ಹಿಂತಿರುಗುವಾಗ ದಾರಿಯುದ್ದಕ್ಕೂ ಕಾರು ಬೆಣ್ಣೆಯಂತೆ ಓಡಿತು. ವಾಲ್ವು ಬಿಚ್ಚುವ ಮಾತನ್ನು ಇವರು ಮತ್ತೆ ಎತ್ತಲಿಲ್ಲ.

ಭಾನುವಾರ ಟೆರೇಸಿನಲ್ಲಿ ಸೊಸೈಟಿಯ ಸಭೆ. ಪಾಟಣಕರ್ ನೋಟಿಸು ಓದಿದರು. ನಾನು ಎದ್ದು, ಸದ್ದಾಗುವುದು ಜೋರಾಗಿ ಒತ್ತಿದರೆ ಮಾತ್ರ, ನಿಧಾನಕ್ಕೆ ಓಡಿಸಿದರೆ ಟರ್ಬೊಗೆ ಎಚ್ಚರವೇ ಆಗುವುದಿಲ್ಲ, ಬೇಕಿದ್ದರೆ ಬಂದು ಕೂತು ನೋಡಿ ಎಂದೆ. ಸಭೆಯೇ ಕೆಳಗಿಳಿಯಿತು. ಪಾಟಣಕರರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾಂಪೌಂಡಿಗೆ ಮೂರು ಸುತ್ತು ಹಾಕಿದೆ. ಬೆಕ್ಕು ನಡೆದಷ್ಟೂ ಸದ್ದಾಗಲಿಲ್ಲ. ಕಾಂಪೌಂಡಿನೊಳಗೆ ಜೋರಾಗಿ ಒತ್ತುವ ಹುಚ್ಚು ಯಾರಿಗಿರುತ್ತದೆ, ನೀವೇ ಹೇಳಿ ಎಂದೆ. ದಿನಾ ಬೆಳಿಗ್ಗೆ ತಮ್ಮ ಕಿಟಕಿಯ ಕೆಳಗೆ ಕೇಳಿಸುತ್ತದಲ್ಲ ಎಂದು ಪಾಟಣಕರ್ ಕ್ಷೀಣವಾಗಿ ಹೇಳಿದರು. ಹೊರಗಿನ ರಸ್ತೆಯ ಬಸ್ಸಿನ ಬ್ರೇಕು ಇರಬೇಕು ಎಂದು ಮೂರನೇ ಮಹಡಿಯವರು ಸಮಾಧಾನ ಮಾಡಿದರು. ನೋಟಿಸು ಹಿಂದೆ ಹೋಯಿತು.

ಮನೆಗೆ ಬಂದು ಚಾ ಕುಡಿಯುವಾಗ ಇವರು ಮೆಲ್ಲಗೆ ಕೇಳಿದರು, “ಮತ್ತೆ ದಿನಾ ಬೆಳಿಗ್ಗೆ ನನಗೂ ಕೇಳ್ತದಲ್ಲ, ಅದೆಂತದು?”

“ಗೇಟಿನ ದಿಬ್ಬದ ಹತ್ತಿರ ಒಮ್ಮೊಮ್ಮೆ ಕಾಲು ಸ್ವಲ್ಪ ಜೋರಾಗಿ ಬೀಳ್ತದೆ,” ಎಂದೆ.

“ವಯಸ್ಸಿನ ಮಾತು ಬಂದ ದಿನದಿಂದಲಾ?”

ನಾನು ಚಾ ಕುಡಿದೆ. ಸಭೆಯಲ್ಲಿ ನಾನು ಸುಳ್ಳು ಹೇಳಲಿಲ್ಲ, ಪ್ರಶ್ನೆ ಕೇಳಿದೆ ಅಷ್ಟೆ. ಮಾರನೆಯ ದಿನ ಇವರೂ ಜೊತೆಗೆ ಹೊರಟಿದ್ದರು. ದಿಬ್ಬದ ಮೇಲೆ, ಪಾಟಣಕರರ ಕಿಟಕಿಯ ನೇರ ಕೆಳಗೆ, ಮನಸ್ಸು ತುಂಬಿ ಒತ್ತಿ ಕಾಲು ತೆಗೆದೆ. ಅಂಥ ‘ಪ್ಶ್ಶ್’ ಆವರೆಗೆ ಬಂದಿರಲಿಲ್ಲ. ತಲೆಯೆತ್ತಿ ನೋಡಿದರೆ ಕಿಟಕಿ ಮುಚ್ಚಿತ್ತು. ಸೆಕ್ರೆಟರಿ ಸಾಹೇಬರು ಒಂದು ತಿಂಗಳಿಗೆ ಊರಿಗೆ ಹೋದರು ಎಂದು ವಾಚ್‌ಮನ್ ಹೇಳಿದ. ಆ ತಿಂಗಳು ಬೆಳಿಗ್ಗೆ ಬೆಳಿಗ್ಗೆ ಕಾರು ತೆಗೆಯುವಾಗ ನನಗೆ ಎಷ್ಟು ಬೇಸರವಾಗುತ್ತಿತ್ತೆಂದರೆ, ಒಂದೆರಡು ದಿನ ಲೋಕಲ್‌ನಲ್ಲೇ ಹೋದೆ.