ಭಾವನ ಗಾಡಿಯೂ ಅತ್ತೆಯ ಮಡಿಸೀರೆಯೂ

ನಮ್ಮ ಭಾವ ಎಲ್ಲಿದ್ದಾರೆಂದು ಶಿರಸಿ ಪೇಟೆಯಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನೆಲ ನೋಡುತ್ತ ನಡೆದರೆ ಸಾಕು! ಕಿರಾಣಿ ಅಂಗಡಿ ಮುಂದೆ ಐದು ಹನಿ ಎಣ್ಣೆ, ಅಂಚೆ ಕಚೇರಿ ಮುಂದೆ ಹತ್ತು ಹನಿ. ಹನಿ ಮುಗಿದಲ್ಲಿ ಭಾವ ಅಂಗಾತ ಮಲಗಿ ಮೋಟಾರ್ ಸೈಕಲ್ಲಿನ ಹೊಟ್ಟೆ ನೋಡುತ್ತಿರುತ್ತಿದ್ದರು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಯಲ್ಲಾಪುರದ ಕಟ್ಟಿಗೆ ವ್ಯಾಪಾರಿಯೊಬ್ಬರು ಊರು ಬಿಡುವಾಗ ಬಿಟ್ಟುಹೋದ ಹಳೇ ಗಾಡಿ ಅದು. ಪಕ್ಕಕ್ಕೆ ತೊಟ್ಟಿಲಿನಂಥ ಒಂದು ಕೂರುವ ಜಾಗ. ಭಾವನ ಕಣ್ಣೆಲ್ಲ ಅದರ ಮೇಲೇ! ನಮ್ಮ ಅತ್ತೆಯವರ ಮಂಡಿ ಹಿಡಿದು ನಾಲ್ಕು ವರ್ಷವಾಗಿತ್ತು. ಎತ್ತಿನ ಗಾಡಿಯಲ್ಲಿ ಕಾಲು ಮಡಚಿ ಕೂರಲಾಗದೆ, ಶಿವರಾತ್ರಿಗೆ ಸಹಸ್ರಲಿಂಗದ ಹೊಳೆಯಲ್ಲಿ ಮೀಯುವುದು ನಿಂತೇಹೋಗಿತ್ತು.

"ಇದ್ರಲ್ಲಿ ಕಾಲು ನೀಡಿ ಕೂತ್ರೆ ಆತು, ಆಯಿ" ಎಂದು ಭಾವ ತಾಯಿಗೆ ಹೇಳಿದರು.

"ಬತ್ತೆ. ಆದ್ರೆ ಆ ಎಣ್ಣೆ ಒಂದು ಹನಿ ನನ್ನ ಮಡಿಸೀರೆಗೆ ತಾಗಿದ್ರೂ ಅಲ್ಲಿಂದ್ಲೇ ಗಾಡಿ ಮನೆಗೆ ತಿರುಗಿಸವು!"

ಕಾಗೆ ರೆಕ್ಕೆ ಸೋಕಿದರೂ ಮತ್ತೆ ತಲೆಗೆ ನೀರು ಹೊಯ್ದುಕೊಳ್ಳುವ ಅತ್ತೆ! ಶಿವರಾತ್ರಿಗೆ ಉಳಿದದ್ದು ಹದಿನೈದೇ ದಿನ.

ಮೋಟಾರು ಬಸ್ಸು ರಿಪೇರಿ ಮಾಡುವ ಪಕ್ಕದ ಬೀದಿಯ ಸಾಹೇಬರು ಉಪಾಯ ಹೇಳಿದರು. "ಮೊದ್ಲು ಸೀಮೆಎಣ್ಣೆಲಿ ತೊಳೀರಿ ಭಟ್ರೇ. ಒಣಗಿದ್ಮೇಲೆ ಬಿಳೇ ಪುಡಿ ಉದುರಿಸಿ ಎಂಜಿನ್ನು ಓಡಿಸಿ. ಎಲ್ಲಿ ಒದ್ದೆ ಆಗ್ತದೋ ಅಲ್ಲೇ ಸೋರೋದು."

ಬಿಳೇ ಪುಡಿ ನಮ್ಮ ಮನೆಯಲ್ಲಿ ಎಲ್ಲಿರುತ್ತದೆ? ದೇವರ ಕೋಣೆಯಲ್ಲಿ! ನಾನು ಹೂವು ಕೊಯ್ದು ಬರುವಷ್ಟರಲ್ಲಿ ಭಸ್ಮದ ಬಟ್ಟಲು ಖಾಲಿ. ಅಂಗಳದಲ್ಲಿ ಗಾಡಿ ಮೈತುಂಬ ಭಸ್ಮ ಧರಿಸಿ ಗುಡುಗುಡು ಎನ್ನುತ್ತಿತ್ತು. ದಾರಿಹೋಕರಿಬ್ಬರು ಚಪ್ಪಲಿ ಬಿಟ್ಟು ಕೈಮುಗಿದೂ ಹೋದರು!

"ಇದಕ್ಕೆ ಭಸ್ಮ ಎಂತಕ್ಕೆ ಭಾವಯ್ಯ?" ಎಂದೆ.

"ಸುಮ್ಮಂಗಿರೆ ತಂಗಿ, ರೋಗ ಎಲ್ಲಿದ್ದು ಹೇಳಿ ನೋಡ್ತೆ."

ರೋಗ ಸಿಕ್ಕಿತು. ಎಂಜಿನ್ನಿನ ಎರಡು ಹೋಳುಗಳ ನಡುವೆ ಇದ್ದ ಕಾಗದದ ಪಟ್ಟಿ ಹರಿದಿತ್ತಂತೆ. ಹೊಸದಕ್ಕೆ ದಪ್ಪ ಕಾಗದ ಬೇಕು. ಮರುದಿನ ಪುರೋಹಿತರು ಬಂದು ಪಂಚಾಂಗ ಕೇಳಿದರೆ, ಅದಕ್ಕೆ ರಟ್ಟೂ ಇಲ್ಲ, ಮೊದಲ ನಾಲ್ಕು ಹಾಳೆಯೂ ಇಲ್ಲ! "ಯುಗಾದಿಯ ಫಲವೆಲ್ಲ ಎಂಜಿನ್ನೊಳಗೆ ಇದ್ದು" ಎಂದು ಭಾವ ಕಿಂಚಿತ್ತೂ ನಾಚದೆ ಹೇಳಿದರು. ಉಳಿದ ಹಾಳೆಗಳನ್ನು ಬಿಟ್ಟರಲ್ಲ, ದೇವರು ದೊಡ್ಡವನು.

ಪಟ್ಟಿಗೆ ಅಂಟು ಬೇಡವೇ? ಭಾವ ಹಲಸಿನ ಮೇಣ ಮೆತ್ತಿದರು. ಗಾಡಿ ಕಾದದ್ದೇ ಮೇಣ ಕರಗಿ, ಎಣ್ಣೆಯ ಹಿಂದೆ ಅದೂ ಸೋರಿತು! ಸಾಹೇಬರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆಮೇಲೆ ತಾವೇ ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ತಂದು, ಪಟ್ಟಿ ಕೂರಿಸಿ, ತಿರುಪುಗಳನ್ನು ಒಂದೊಂದಾಗಿ ಬಿಗಿದುಕೊಟ್ಟರು. ಮೂರು ದಿನ ಅಂಗಳದಲ್ಲಿ ಒಂದು ಹನಿಯೂ ಬೀಳಲಿಲ್ಲ.

ಶಿವರಾತ್ರಿಯ ಬೆಳಿಗ್ಗೆ ನಾವೆಲ್ಲ ಎತ್ತಿನ ಗಾಡಿಯಲ್ಲಿ ಮುಂಚೆಯೇ ಹೋಗಿ ಹೊಳೆದಂಡೆಯಲ್ಲಿ ಕಾದೆವು. ಭೈರುಂಬೆ ಕಡೆಯಿಂದ ಧೂಳೆಬ್ಬಿಸುತ್ತ ಬಂತು ಸವಾರಿ! ತೊಟ್ಟಿಲಲ್ಲಿ ಅತ್ತೆ, ಕಾಲು ನೀಡಿಕೊಂಡು, ಮಹಾರಾಣಿಯ ಹಾಗೆ. ಗಾಡಿ ನಿಂತದ್ದೇ ಭಾವ ನೆಲಕ್ಕೆ ಬಗ್ಗಿ ಕೆಳಗೆಲ್ಲ ಕೈಯಾಡಿಸತೊಡಗಿದರು.

ನಾನು ಅತ್ತೆಯ ತೋಳು ಹಿಡಿದು ಇಳಿಸಿದೆ. ಸೀರೆಯ ಅಂಚಿನಲ್ಲಿ ಹುಣಿಸೆಬೀಜದಷ್ಟು ದೊಡ್ಡ ಕಪ್ಪು ಕಲೆ! ಅತ್ತೆಯೂ ನೋಡಿದರು. ನೋಡಿ, ಆ ಅಂಚನ್ನು ನೆರಿಗೆಯೊಳಗೆ ಸಿಕ್ಕಿಸಿಕೊಂಡು, ನನ್ನ ಕೈಯನ್ನು ಒಮ್ಮೆ ಒತ್ತಿದರು.

"ಎಂತಾರೂ ತಾಗಿದ್ದ, ಆಯಿ?" ಭಾವ ತಲೆಯೆತ್ತಿ ಕೇಳಿದರು. ಪರೀಕ್ಷೆಯ ಫಲ ಕೇಳುವ ಹುಡುಗನ ಮುಖ.

"ಎಂತದೂ ಇಲ್ಲೆ ಮಾಣಿ" ಎಂದರು ಅತ್ತೆ. "ಬಾ, ನೀರಿಗೆ ಇಳಿಸು."

ಎಂದವರೇ ಎಣ್ಣೆ ಮೆತ್ತಿದ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.